ಸೆಕೆಂಡಮ್ಮನೂ ನೀಲಿ ಮುಚ್ಚಳದ ಟ್ಯೂಬೂ

ಮೂವತ್ತೊಂದು ವರ್ಷ ನಾನು ಆಸ್ಪತ್ರೆಯ ಲಿಫ್ಟ್ ನಡೆಸಿದೆ. ಹತ್ತಿದ್ದನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ ಇಷ್ಟು ಹೊತ್ತಿಗೆ ಚಂದ್ರನ ಮನೆಯ ಬಾಗಿಲು ಬಡಿದು, ಒಂದು ಲೋಟ ನೀರು ಕೇಳಿ ಕುಡಿದು ವಾಪಸ್ ಬರಬಹುದಿತ್ತು. ನನ್ನ ಮೊಮ್ಮಕ್ಕಳು ಇದನ್ನು ನಂಬುವುದಿಲ್ಲ. ಇಳಿದದ್ದನ್ನು ಕಳೀಬೇಕಲ್ಲ ತಾತ ಅನ್ನುತ್ತವೆ. ಲೆಕ್ಕ ಕಲಿತ ಮಕ್ಕಳಿಗೆ ಕಥೆ ಹೇಳುವುದು ಬಲು ಕಷ್ಟ. ಇರಲಿ. ಈಗ ಹೇಳಹೊರಟಿರುವ ಹೆಂಗಸಿನ ವಿಷಯದಲ್ಲಿ ನಾನು ಕೈಯಿಂದ ಹಾಕಿದ್ದು ಸಾರಿಗೆ ಉಪ್ಪಿನಷ್ಟು ಮಾತ್ರ.

ಅವಳನ್ನು ನಾವೆಲ್ಲ ಸೆಕೆಂಡಮ್ಮ ಎನ್ನುತ್ತಿದ್ದೆವು. ಅವಳ ಕೆಲಸದ ಕೋಣೆ ನೆಲಮಾಳಿಗೆಯಲ್ಲಿತ್ತು. ಲಿಫ್ಟಿನ ಬಾಗಿಲು ತೆರೆದರೆ ಎದುರಿಗೆ ಉದ್ದನೆಯ ಓಣಿ, ಓಣಿಯ ತುದಿಯಲ್ಲಿ ತಿಳಿಹಸಿರು ಬಾಗಿಲು. ಒಳಗೆ ಒಂದು ಮೇಜು, ಗಿರಗಿರ ತಿರುಗುವ ಒಂದು ಯಂತ್ರ, ಗಾಜಿನ ಗೋಡೆಯ ಒಂದು ನೀರಿನ ತೊಟ್ಟಿ. ತೊಟ್ಟಿಯ ನೀರು ಸದಾ ಮನುಷ್ಯನ ಮೈಯಷ್ಟೇ ಬೆಚ್ಚಗಿರಬೇಕು. ಅದರ ಹಿಂದೆ ಒಂದು ದೀಪ ಉರಿಯುತ್ತಿತ್ತು. ನೀರು ಅಲುಗಿದಾಗಲೆಲ್ಲ ಚಾವಣಿಯ ಮೇಲೆ ಬೆಳಕಿನ ಬಲೆಯೊಂದು ಅಲುಗುತ್ತಿತ್ತು. ಆ ಕೋಣೆಯಲ್ಲಿ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ನಾನು ಎಷ್ಟೋ ಸಲ ಟ್ಯೂಬು ಕೊಡಲು ಹೋಗಿ, ಆ ಬಲೆಯನ್ನೇ ನೋಡುತ್ತ ನಿಂತಿರುವಾಗ, ಮೇಲೆ ನಾಲ್ಕನೇ ಮಹಡಿಯಲ್ಲಿ ಜನ ಗಂಟೆ ಒತ್ತಿ ಒತ್ತಿ ಬೈದು ಮೆಟ್ಟಿಲು ಹಿಡಿದದ್ದುಂಟು.

ಅವಳ ಕೆಲಸ ಏನೆಂದು ಹೇಳಿಬಿಡುತ್ತೇನೆ. ಯಾರ ಮೈಗಾದರೂ ಕತ್ತಿ ತಾಗಿಸುವ ಮೊದಲು ಡಾಕ್ಟರಿಗೆ ಒಂದು ಸಂಗತಿ ಗೊತ್ತಿರಬೇಕು: ಕೊಯ್ದ ಜಾಗದಲ್ಲಿ ರಕ್ತ ತಾನಾಗಿ ಹೆಪ್ಪುಗಟ್ಟಿ ನಿಲ್ಲುತ್ತದೆಯೋ, ಇಲ್ಲ ಹರಿಯುತ್ತಲೇ ಇರುತ್ತದೆಯೋ. ಅದಕ್ಕಾಗಿ ವಾರ್ಡಿನ ಸಿಸ್ಟರುಗಳು ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹಿಡಿದು ಕಳಿಸುತ್ತಿದ್ದರು. ಟ್ಯೂಬಿನ ತಳದಲ್ಲಿ ನಾಲ್ಕಾರು ಹನಿ ಔಷಧಿ ಮೊದಲೇ ಇರುತ್ತದೆ. ರಕ್ತ ದಾರಿಯಲ್ಲೇ ಗಟ್ಟಿಯಾಗದಂತೆ ಅದು ತಡೆದು ಹಿಡಿಯುತ್ತದೆ. ಸೆಕೆಂಡಮ್ಮ ಆ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸುತ್ತಾಳೆ. ಕೆಂಪು ತಳಕ್ಕೆ ಇಳಿದು, ಒಣಹುಲ್ಲಿನ ಬಣ್ಣದ ತಿಳಿ ಮೇಲೆ ನಿಲ್ಲುತ್ತದೆ. ಆ ತಿಳಿಯನ್ನು ಪುಟ್ಟ ಗಾಜಿನ ನಳಿಗೆಗೆ ಹಾಕಿ ಬೆಚ್ಚಗಿನ ನೀರಿನಲ್ಲಿ ಅದ್ದಿ, ಇನ್ನೊಂದು ಔಷಧಿ ಬೆರೆಸುತ್ತಾಳೆ. ಆ ಕ್ಷಣದಿಂದ ಲೆಕ್ಕ ಶುರು. ನಳಿಗೆಯನ್ನು ದೀಪದ ಮುಂದೆ ಓರೆ ಮಾಡುತ್ತ, ನೇರ ಮಾಡುತ್ತ ಕಣ್ಣು ಮಿಟುಕಿಸದೆ ಕಾಯಬೇಕು. ತಿಳಿಯೊಳಗೆ ಒಂದು ಎಳೆ ಕಂಡಿತೋ, ಆಯಿತು. ಹನ್ನೆರಡು, ಹದಿಮೂರು ಸೆಕೆಂಡಿಗೆ ಕಂಡರೆ ಡಾಕ್ಟರು ಕತ್ತಿ ಹಿಡಿಯಬಹುದು. ಬಹಳ ತಡವಾದರೆ ಹಿಡಿಯಬಾರದು.

ಕೊರಳಲ್ಲಿ ತಾಳಿಯಂತೆ ಒಂದು ಗಡಿಯಾರ ತೂಗುತ್ತಿದ್ದರೂ ಅವಳಿಗೆ ಅದರ ಅಗತ್ಯವಿರಲಿಲ್ಲ. ಇಪ್ಪತ್ತಾರು ವರ್ಷ ಎಣಿಸಿ ಎಣಿಸಿ ಸೆಕೆಂಡುಗಳು ಅವಳ ಮೈಗೇ ಹತ್ತಿಬಿಟ್ಟಿದ್ದವು. ಅವಳ ಮನೆಯ ಗೋಡೆ ಗಡಿಯಾರ ದಿನಾ ಬೆಳಿಗ್ಗೆ ಅವಳ ಮುಖ ನೋಡಿ ತಾನೇ ಮುಳ್ಳು ಸರಿಮಾಡಿಕೊಳ್ಳುತ್ತಿತ್ತು ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ಯಾರೂ ಇದುವರೆಗೆ ಹೋಗಿ ಪರೀಕ್ಷೆ ಮಾಡಿಲ್ಲ, ಹಾಗಾಗಿ ಅದು ನಿಜವೇ.

ಮನೆ ಎಂದರೆ ಎರಡು ಕೋಣೆ, ಒಂದು ಗಂಡ, ಒಂದು ಅತ್ತೆ. ಗಂಡ ಬಸ್ ಕಂಡಕ್ಟರ್. ನಿದ್ದೆಯಲ್ಲೂ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಅವಳನ್ನು ಮಂಚದ ಅಂಚಿಗೆ ತಳ್ಳುತ್ತಿದ್ದ. ಅತ್ತೆಗೆ ಕಿವಿ ಮಂದ, ನಾಲಿಗೆ ಚುರುಕು.

"ಅಷ್ಟು ಬೈಸಿಕೊಂಡು ಹೇಗೆ ಸುಮ್ಮನಿರ್ತೀರಿ?" ಎಂದು ಒಮ್ಮೆ ಕೇಳಿದೆ.

"ಲಿಫ್ಟಣ್ಣ, ನಮ್ಮತ್ತೆ ಬೈಯೋಕೆ ಶುರು ಮಾಡಿದ್ರೆ ನಲವತ್ತೆರಡು ಸೆಕೆಂಡಿಗೆ ಒಂದ್ಸಲ ಉಸಿರು ತಗೋತಾರೆ. ಆ ಸಂದೀಲಿ 'ಕಾಫಿ ಕೊಡ್ಲಾ' ಅಂತ ಕೇಳ್ಬಿಡ್ತೀನಿ. ಆಮೇಲೆ ಏನು ಬೈತಿದ್ದೆ ಅನ್ನೋದೇ ಅವರಿಗೆ ಮರೆತುಹೋಗುತ್ತೆ" ಎಂದಳು.

ಇಷ್ಟು ತಣ್ಣಗಿನ ಹೆಂಗಸು ಒಂದೇ ಒಂದು ವಿಷಯದಲ್ಲಿ ಉರಿಯುವ ಕೆಂಡ. ನೀಲಿ ಮುಚ್ಚಳದ ಟ್ಯೂಬಿನ ಮೇಲೆ ಒಂದು ಗೆರೆ ಇರುತ್ತದೆ. ರಕ್ತ ಆ ಗೆರೆಯನ್ನು ಮುಟ್ಟಲೇಬೇಕು. ತಳದ ಔಷಧಿ ಗೆರೆ ತುಂಬುವಷ್ಟು ರಕ್ತಕ್ಕೆ ಅಳೆದು ಹಾಕಿದ್ದು. ರಕ್ತ ಕಡಿಮೆಯಾದರೆ ಔಷಧಿ ಹೆಚ್ಚಾಗಿ, ಚೆನ್ನಾಗಿರುವ ರಕ್ತವೂ ಹೆಪ್ಪುಗಟ್ಟಲು ಹಟ ಹಿಡಿದಂತೆ ಕಾಣುತ್ತದೆ. ಹಾಗಾಗಿ ಅವಳು ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಳು: "ಗೆರೆ ಮುಟ್ಟದ ಟ್ಯೂಬು ವಾಪಸ್." ಕಾರಣ ಬರೆದಿರಲಿಲ್ಲ. ಕಾರಣ ಹೇಳುತ್ತ ಕೂತರೆ ಕೆಲಸ ಯಾರು ಮಾಡುತ್ತಾರೆ ಎನ್ನುತ್ತಿದ್ದಳು. ವಾಪಸಾದ ಟ್ಯೂಬನ್ನು ಮೇಲಕ್ಕೆ ಒಯ್ಯುವ ಪಾಪದ ಪ್ರಾಣಿ ನಾನು. "ಮತ್ತೆ ಚುಚ್ಚಬೇಕಾ? ಆ ಪೇಷೆಂಟಿನ ಮುಖ ನೋಡೋಳು ನಾನಾ, ನಿಮ್ಮ ಸೆಕೆಂಡಮ್ಮನಾ?" ಎಂದು ಮೂರನೇ ಮಹಡಿಯ ಸಿಸ್ಟರ್ ನನ್ನ ಮೇಲೆ ಹರಿಹಾಯುತ್ತಿದ್ದರು.

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಸೆಕೆಂಡಮ್ಮ ಸಾವಿರಾರು ಜನರ ರಕ್ತ ನೋಡಿದ್ದಳು, ಒಬ್ಬರ ಮುಖವನ್ನೂ ನೋಡಿರಲಿಲ್ಲ. ಕೆಲಸಕ್ಕೆ ಹಿಂದಿನ ಬಾಗಿಲಿಂದ ಬಂದು ನೆಲಮಾಳಿಗೆಗೆ ಇಳಿದರೆ ಸಂಜೆಯೇ ಮೇಲೇಳುವುದು. ಹೊರಗಿನ ಜಗತ್ತು ಎಂದು ಅವಳಿಗೆ ಇದ್ದದ್ದು ಚಾವಣಿಗೆ ತಾಗಿದ ಒಂದು ಗವಾಕ್ಷಿ. ಅದರಾಚೆ ರೈಲ್ವೆ ಸ್ಟೇಷನ್ನಿನ ಗೋಡೆ. ಗೋಡೆಯಾಚೆಯಿಂದ ದಿನವಿಡೀ ಒಂದು ಹೆಣ್ಣು ದನಿ ತೇಲಿ ಬರುತ್ತಿತ್ತು. ಯಾವ ರೈಲು, ಎಷ್ಟನೇ ಪ್ಲಾಟ್‌ಫಾರಂ, ಎಷ್ಟು ತಡ.

ಅಂಥ ದನಿಯನ್ನು ನಾನು ಇನ್ನೊಂದು ಕೇಳಿಲ್ಲ. ರೈಲು ಎರಡು ಗಂಟೆ ತಡ ಎಂದು ಆ ದನಿ ಹೇಳಿದರೆ ಜನ ಸಿಟ್ಟಾಗುವ ಬದಲು, ಸದ್ಯ, ಇನ್ನೆರಡು ಗಂಟೆ ಇಲ್ಲೇ ಕೂರಬಹುದು ಎಂದು ಕಾಲು ಚಾಚುತ್ತಿದ್ದರು. ಹೊರಟ ರೈಲೊಂದು ಆ ದನಿ ಕೇಳಲು ಹಿಂದಕ್ಕೆ ಬಂದು ನಿಂತಿತ್ತೆಂದು ಸ್ಟೇಷನ್ನಿನ ಹಮಾಲನೊಬ್ಬ ನನಗೆ ಹೇಳಿದ್ದ. ಅವನು ನನಗಿಂತ ದೊಡ್ಡ ಸುಳ್ಳುಗಾರ. ಆ ದನಿಯ ಒಡತಿಯನ್ನು ಎಲ್ಲರೂ ಸ್ಟೇಷನ್ ಅಕ್ಕ ಎನ್ನುತ್ತಿದ್ದರು. ಸೆಕೆಂಡಮ್ಮ ಅವರನ್ನೂ ಎಂದೂ ನೋಡಿದವಳಲ್ಲ. ಆದರೆ ನಳಿಗೆ ಓರೆ ಮಾಡುವ ಕೈ ಆ ದನಿಯ ಏರಿಳಿತಕ್ಕೆ ಸರಿಯಾಗಿ ಓಲಾಡುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ.

ಒಂದು ವರ್ಷ ಆ ದನಿ ಕೆಡತೊಡಗಿತು. ಮೊದಲು ಮಾತಿನ ನಡುವೆ ಉಸಿರು ಕಡಿಯುತ್ತಿತ್ತು. ಆಮೇಲೆ ಕರಕರ. ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಯಾರೋ ಗಂಡಸು ರೈಲಿನ ಹೆಸರನ್ನು ಬೈದಂತೆ ಕೂಗಿದ.

"ಇದ್ಯಾರಪ್ಪ ಇವನು, ಸಾಲ ವಸೂಲಿಗೆ ಬಂದವನ ಥರ?" ಎಂದಳು ಸೆಕೆಂಡಮ್ಮ. "ಆಯಮ್ಮ ಎಲ್ಲಿ?"

ನನಗೂ ಗೊತ್ತಿರಲಿಲ್ಲ. ಹತ್ತು ದಿನದ ಮೇಲೆ ಒಂದು ಬುಧವಾರ ಬೆಳಿಗ್ಗೆ ಗೊತ್ತಾಯಿತು.

ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಮೂರನೇ ಮಹಡಿಯಲ್ಲಿ ಗಂಟೆ ಒತ್ತಿದರೆಂದು ಹೋದೆ. ನೋಡಿದರೆ ಬಾಗಿಲ ಬಳಿ ಬೆಂಚಿನ ಮೇಲೆ, ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಐವತ್ತರ ಹೆಂಗಸೊಬ್ಬರು ಕೂತಿದ್ದರು. ಕುತ್ತಿಗೆಯಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ. ಉಸಿರೆಳೆದರೆ ಹಳೆಯ ಬಾಗಿಲು ತೆರೆದ ಸದ್ದು. ಜೊತೆಗಿದ್ದ ತಮ್ಮ ಮಾತನಾಡಿದ.

"ಆಪರೇಷನ್ ಇಲ್ವಂತೆ ಅಣ್ಣಾ. ರಕ್ತ ಬೇಗ ಹೆಪ್ಪುಗಟ್ಟಲ್ಲ ಅಂತ ಕೆಳಗಿಂದ ಬಂತಂತೆ. ಕತ್ತು ಕೊಯ್ದಾಗ ನಿಲ್ಲದಿದ್ರೆ ಜೀವಕ್ಕೇ ಅಪಾಯ ಅಂದ್ರು ಡಾಕ್ಟರು. ಅವರು ಮತ್ತೆ ಬರೋದು ಮೂರು ತಿಂಗಳ ಮೇಲೆ."

"ಅಲ್ಲೀವರೆಗೆ?"

"ಈಗ್ಲೇ ಮಲಗೋಕಾಗಲ್ಲ. ಕೂತ್ಕೊಂಡೇ ನಿದ್ದೆ. ಮೂರು ತಿಂಗಳು ಈ ಉಸಿರು ನಡೆಯುತ್ತೋ ಇಲ್ವೋ... ಸ್ಟೇಷನ್ನಲ್ಲಿ ಎಲ್ಲಾರೂ ಕಾಯ್ತಿದಾರೆ, ಅಕ್ಕ ಯಾವಾಗ ಬರ್ತಾಳೆ ಅಂತ."

"ಒಂದ್ನಿಮಿಷ ಇಲ್ಲೇ ಇರಿ. ಲಿಫ್ಟ್ ಕೆಟ್ಟಿದೆ" ಎಂದು ಹೇಳಿ, ಆ ಕೆಟ್ಟ ಲಿಫ್ಟಿನಲ್ಲೇ ನೆಲಮಾಳಿಗೆಗೆ ಇಳಿದೆ.

ಸೆಕೆಂಡಮ್ಮ ಟ್ಯೂಬುಗಳನ್ನು ಸ್ಟ್ಯಾಂಡಿಗೆ ಜೋಡಿಸುತ್ತಿದ್ದಳು.

"ಮೂರನೇ ಮಹಡಿ ರಕ್ತ ಎಷ್ಟು ಬಂತು?"

"ಹತ್ತೊಂಬತ್ತು. ಎರಡು ಸಲ ಮಾಡಿದೆ. ಹೋಲಿಸಿ ನೋಡೋಕೆ ಜೊತೆಗಿಟ್ಟ ಒಳ್ಳೆ ರಕ್ತ ಹನ್ನೆರಡೂವರೆ ಸೆಕೆಂಡಿಗೇ ಕಟ್ತು. ಔಷಧೀಲಿ ತಪ್ಪಿಲ್ಲ. ಯಾಕೆ?"

"ಅದು ಸ್ಟೇಷನ್ ಅಕ್ಕಂದು."

ಅವಳ ಕೈ ಗಾಳಿಯಲ್ಲೇ ನಿಂತಿತು. ಗೋಡೆಯಾಚೆ ಆ ಗಂಡಸು ಯಾವುದೋ ರೈಲನ್ನು ಗದರಿಸುತ್ತಿದ್ದ. ಚಾವಣಿಯ ಮೇಲಿನ ಬೆಳಕಿನ ಬಲೆ ಕೂಡ ಆಗ ಅಲುಗುವುದನ್ನು ನಿಲ್ಲಿಸಿತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಅವಳು ಆ ಟ್ಯೂಬನ್ನು ತೆಗೆದು ದೀಪಕ್ಕೆ ಹಿಡಿದಳು. ರಕ್ತ ಗೆರೆಯನ್ನು ಸರಿಯಾಗಿ ಮುಟ್ಟಿತ್ತು. ಪಕ್ಕಕ್ಕೆ ಅದೇ ಹೊತ್ತಿಗೆ ಬಂದ ಇನ್ನೊಬ್ಬರ ಟ್ಯೂಬು ಹಿಡಿದಳು. ಮತ್ತೆ ಇದು. ಮತ್ತೆ ಅದು. ಹುಬ್ಬು ಗಂಟಿಕ್ಕಿತು.

"ಲಿಫ್ಟಣ್ಣ, ಈ ಎರಡರಲ್ಲಿ ಯಾವುದು ನೀರು ಬೆರೆಸಿದ ಹಾಲು ಹೇಳಿ."

ನನ್ನ ಕಣ್ಣಿಗೂ ಕಂಡಿತು. ಅಕ್ಕನ ಟ್ಯೂಬಿನಲ್ಲಿ ತಿಳಿ ಜಾಸ್ತಿ, ಕೆಂಪು ಕಡಿಮೆ. ತಿಳಿಯ ಬಣ್ಣವೂ ಪೇಲವ.

"ರಕ್ತ ಕಡಿಮೆ ಇರೋ ಹೆಂಗಸೇನೋ?" ಎಂದೆ.

ಅವಳು ಪಕ್ಕದ ಮೇಜಿನ ಚೀಟಿ ತಿರುವಿದಳು. "ನಿನ್ನೆ ಇವರದ್ದೇ ಬೇರೆ ಟ್ಯೂಬಲ್ಲಿ ಬಂದ ರಕ್ತದ ರಿಪೋರ್ಟು ಇಲ್ಲಿದೆ. ರಕ್ತ ಬೇಕಾದಷ್ಟಿದೆ. ಒಂದೇ ಮೈಯಲ್ಲಿ ಎರಡು ಥರ ರಕ್ತ ಹರಿಯುತ್ತಾ?" ಟ್ಯೂಬನ್ನು ಮುಷ್ಟಿಯಲ್ಲಿ ಹಿಡಿದು ಎದ್ದಳು. "ನಡೀರಿ ಮೇಲಕ್ಕೆ."

ಇಪ್ಪತ್ತಾರು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಅವಳು ನನ್ನ ಲಿಫ್ಟ್ ಹತ್ತಿದ್ದು ಅದೇ ಮೊದಲು. ನೆಲಮಾಳಿಗೆಯ ಕತ್ತಲಿಂದ ಒಂದೊಂದೇ ಮಹಡಿಯ ಬೆಳಕು ಜಾಲರಿ ಬಾಗಿಲಿನಿಂದ ಅವಳ ಮುಖದ ಮೇಲೆ ಹಾದುಹೋಯಿತು. ನೀರಿನೊಳಗಿಂದ ಮೇಲೆದ್ದವರ ಹಾಗೆ ಅವಳು ಕಣ್ಣು ಕಿರಿದು ಮಾಡಿಕೊಂಡಳು.

ಮೂರನೇ ಮಹಡಿಯ ಸಿಸ್ಟರ್ ಅವಳನ್ನು ಕಂಡು ದೆವ್ವ ಕಂಡಂತೆ ಎದ್ದು ನಿಂತರು.

"ಈ ಟ್ಯೂಬು ನೀವೇ ತುಂಬಿದ್ರಾ ಸಿಸ್ಟರ್?"

"ಹೌದು. ಗೆರೆ ಮುಟ್ಟಿದೆಯಲ್ಲ! ಕೂದಲಷ್ಟೂ ಕಡಿಮೆ ಇಲ್ಲ."

"ಅದೇ ಕೇಳ್ತಿದೀನಿ. ಹೇಗೆ ಮುಟ್ತು?"

ಸಿಸ್ಟರ್ ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಚಾವಣಿಯ ಫ್ಯಾನಿನ ರೆಕ್ಕೆ ಎಣಿಸಿದೆ. ಕಡೆಗೆ ದನಿ ತಗ್ಗಿತು. "ಆಯಮ್ಮನ ನರ ದಾರದಷ್ಟು ಸಣ್ಣ. ಒಂದು ಕೈಲಿ ಚುಚ್ಚಿದೆ, ಅರ್ಧ ಬಂದು ನಿಂತುಹೋಯ್ತು. ಇನ್ನೊಂದು ಕೈಲಿ ಇನ್ನೊಂದು ಟ್ಯೂಬು ಹಿಡಿದೆ, ಅದೂ ಅರ್ಧ. ಕಣ್ಣಲ್ಲಿ ನೀರು ಹಾಕ್ಕೊಂಡು ಕೂತಿದ್ರು. ಎರಡು ಅರ್ಧ ಕಳಿಸಿದ್ರೆ ನೀವು ಎರಡನ್ನೂ ವಾಪಸ್ ಕಳಿಸ್ತೀರ. ಅದಕ್ಕೇ... ಒಂದನ್ನ ಇನ್ನೊಂದಕ್ಕೆ ಸುರಿದು ಗೆರೆ ಮುಟ್ಟಿಸಿದೆ."

ನನಗೆ ಮೊದಲು ಅರ್ಥವಾಗಲಿಲ್ಲ. ಎರಡು ಅರ್ಧ ಸೇರಿದರೆ ಒಂದು, ಅದರಲ್ಲಿ ತಪ್ಪೇನು? ಆಮೇಲೆ ಹೊಳೆಯಿತು. ರಕ್ತ ಅರ್ಧ ಅರ್ಧ ಇದ್ದರೂ ಎರಡೂ ಟ್ಯೂಬಿನ ತಳದಲ್ಲಿ ಔಷಧಿ ಪೂರ್ತಿಯೇ ಇತ್ತು. ಸೇರಿಸಿದ ಟ್ಯೂಬಿನಲ್ಲಿ ಔಷಧಿ ಎರಡರಷ್ಟು. ತಡೆದು ಹಿಡಿಯುವ ಕೈ ಎರಡಾದ ಮೇಲೆ ಪಾಪ ರಕ್ತ ಹೇಗೆ ಬೇಗ ಗಟ್ಟಿಯಾದೀತು?

ಈಗ ಆಕಾಶ ಭೂಮಿ ಒಂದಾಗುತ್ತದೆ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಸೆಕೆಂಡಮ್ಮ ಬೈಯಲಿಲ್ಲ. ಕೈಯಲ್ಲಿದ್ದ ಟ್ಯೂಬಿನ ಗೆರೆಯ ಮೇಲೆ ಬೆರಳಾಡಿಸಿದಳು.

"ಗೆರೆ ಮುಟ್ಟಬೇಕು ಅಂತ ಬರೆದೆ. ಯಾಕೆ ಅಂತ ಬರೀಲಿಲ್ಲ" ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಆ ದನಿಯವರದ್ದಲ್ಲದೆ ಬೇರೆ ಯಾರದ್ದೋ ರಕ್ತ ಆಗಿದ್ರೆ ನಾನು ಎರಡನೇ ಸಲ ಬೆಳಕಿಗೆ ಹಿಡೀತಿದ್ನಾ ಲಿಫ್ಟಣ್ಣ?"

"ಗಂಟಲು ಡಾಕ್ಟರು ಹೊರಟುಬಿಡ್ತಾರೆ, ಮೊದಲು ಅಲ್ಲಿಗೆ ನಡೀರಿ" ಎಂದೆ.

ಗಂಟಲು ಡಾಕ್ಟರು ಕೋಟು ತೊಟ್ಟು ಹೊರಡಲು ನಿಂತಿದ್ದರು. ಸೆಕೆಂಡಮ್ಮ ಅಡ್ಡ ನಿಂತಳು.

"ಸರ್, ನಾನು ಕೊಟ್ಟ ನಂಬರು ತಪ್ಪು. ಟ್ಯೂಬು ಕೆಟ್ಟಿತ್ತು. ಇನ್ನೊಂದ್ಸಲ ಮಾಡ್ತೀನಿ."

"ಏನಮ್ಮಾ, ಆಗಲೇ ಎರಡು ಸಲ ಮಾಡಿದೀನಿ ಅಂತ ಚೀಟೀಲಿ ಬರೆದಿದ್ರಿ. ಹತ್ತೊಂಬತ್ತು ಬಂದ ಕತ್ತಿಗೆ ನಾನು ಕತ್ತಿ ಹಿಡಿಯಲ್ಲ."

"ಹಿಡೀಬೇಡಿ ಸರ್. ಹೊಸ ರಕ್ತದಲ್ಲೂ ಅಷ್ಟೇ ಬಂದ್ರೆ ನಾನೇ ಅವರ ಚೀಲ ಹೊತ್ಕೊಂಡು ಮನೇಗೆ ಬಿಟ್ಟು ಬರ್ತೀನಿ."

ಡಾಕ್ಟರು ಗಡಿಯಾರ ನೋಡಿದರು. ಹನ್ನೊಂದೂ ಹತ್ತು. "ಹನ್ನೆರಡು. ಅದಾದ್ಮೇಲೆ ನಾನಿಲ್ಲ."

ಸ್ಟೇಷನ್ ಅಕ್ಕ ಇನ್ನೂ ಬೆಂಚಿನ ಮೇಲಿದ್ದರು. ಸೆಕೆಂಡಮ್ಮ ಅವರೆದುರು ನೆಲದ ಮೇಲೇ ಕೂತಳು. ಅಕ್ಕನ ಎರಡೂ ತೋಳಿನಲ್ಲಿ ಹತ್ತಿಯ ಉಂಡೆ, ಸುತ್ತಲೂ ನೀಲಿ ಕಲೆ. ವಾಪಸ್ ಕಳಿಸಿದ ಟ್ಯೂಬು ಮೇಲಕ್ಕೆ ಹೋಗಿ ಏನಾಗುತ್ತದೆ ಎಂಬುದನ್ನು ಅವಳು ಅಂದು ಮೊದಲ ಸಲ ನೋಡಿದಳು.

"ಇನ್ನೊಂದೇ ಸಲ ಅಕ್ಕಾ. ತಪ್ಪು ನಮ್ಮದು. ನೋವಾಗುತ್ತೆ, ಆಗಲ್ಲ ಅಂತ ಸುಳ್ಳು ಹೇಳಲ್ಲ."

ಸ್ಟೇಷನ್ ಅಕ್ಕ ಉಸಿರು ಕೂಡಿಸಿಕೊಂಡು, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ತಡವಾಗಿದ್ದಕ್ಕೆ... ವಿಷಾದಿಸುತ್ತೇವೆ... ಅನ್ನಿ."

ತಮ್ಮ ನಕ್ಕ. ಸೆಕೆಂಡಮ್ಮನೂ ನಕ್ಕಳು, ನಗುವಾಗಲೇ ಕಣ್ಣೊರೆಸಿಕೊಂಡಳು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಕ್ಕನ ಕೈಗೆ ಸುತ್ತಿ, ಅಂಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕಾದಳು. ಚರ್ಮದ ಕೆಳಗೆ ನರ ಮೆಲ್ಲಗೆ ಎದ್ದು ಬಂತು. ಸಿಸ್ಟರ್ ಸೂಜಿ ಇಟ್ಟರು. ಸೆಕೆಂಡಮ್ಮ "ಅವಸರ ಬೇಡ, ಬರ್ತಿದೆ, ಬರ್ತಿದೆ" ಎಂದು ಹಸು ಹಾಲು ಕೊಡುವಾಗ ಹೇಳುವಂತೆ ಹೇಳುತ್ತಲೇ ಇದ್ದಳು. ಒಂದೇ ಟ್ಯೂಬು, ಗೆರೆಯವರೆಗೆ.

"ನೀವೂ ಬನ್ನಿ ಕೆಳಗೆ" ಎಂದಳು ಸಿಸ್ಟರಿಗೆ.

ಯಂತ್ರ ಹದಿನೈದು ನಿಮಿಷ ತಿರುಗಬೇಕು. ಅದನ್ನು ಬೆದರಿಸಿದರೂ ಮುದ್ದು ಮಾಡಿದರೂ ಹದಿನೈದೇ. ನಾವು ಮೂವರೂ ಆ ಹಸಿರು ಬಾಗಿಲ ಕೋಣೆಯಲ್ಲಿ ಗಿರಗಿರ ಸದ್ದು ಕೇಳುತ್ತ ಕೂತೆವು. ಕೂತಲ್ಲೇ ನನಗೆ ಒಂದು ಜೋಂಪು ಹತ್ತಿತು. ಆ ಜೋಂಪಿನಲ್ಲಿ ಸ್ಟೇಷನ್ನಿನ ರೈಲುಗಳೆಲ್ಲ ದಾರಿ ಬಿಟ್ಟು, ಮೋಡದ ಹಾಗೆ ಸದ್ದಿಲ್ಲದೆ, ಯಾರಾದರೂ ತಮ್ಮ ಹೆಸರು ಕರೆಯಲಿ ಎಂದು ಆಸ್ಪತ್ರೆಯ ಸುತ್ತ ತೇಲುತ್ತಿದ್ದವು. ಕಣ್ಣು ಬಿಟ್ಟಾಗ ಸೆಕೆಂಡಮ್ಮ ತಿಳಿಯನ್ನು ನಳಿಗೆಗೆ ಇಳಿಸುತ್ತಿದ್ದಳು. ಈ ಸಲ ಅದಕ್ಕೆ ಒಣಹುಲ್ಲಿನ ಗಾಢ ಬಣ್ಣ.

"ಹತ್ತಿರ ಬನ್ನಿ ಸಿಸ್ಟರ್. ಎಷ್ಟು ವರ್ಷದಿಂದ ಕಳಿಸ್ತಿದೀರ, ಏನಾಗುತ್ತೆ ಅಂತ ಒಂದ್ಸಲಾನೂ ನೋಡಿಲ್ಲ."

"ನೀವು ಕರೆದಿದ್ರೆ ತಾನೇ?"

"ಅದೂ ನಿಜ."

ಔಷಧಿ ಬಿದ್ದಿತು. ಇಬ್ಬರು ಹೆಂಗಸರ ತಲೆಗಳು ದೀಪದ ಮುಂದೆ ಒಂದಾದವು. ನಳಿಗೆ ಓರೆಯಾಯಿತು, ನೇರವಾಯಿತು. ಓರೆ, ನೇರ. ಸೆಕೆಂಡಮ್ಮನ ತುಟಿ ಅಲುಗಲಿಲ್ಲ, ಆದರೂ ನಮಗಿಬ್ಬರಿಗೂ ಎಣಿಕೆ ಕೇಳಿಸುತ್ತಿತ್ತು. ಒಂಬತ್ತು. ಹತ್ತು. ತಿಳಿ ನೀರಿನಂತೆ ಜಾರುತ್ತಲೇ ಇತ್ತು. ಹನ್ನೊಂದು. ಸಿಸ್ಟರ್ ನನ್ನ ತೋಳು ಹಿಡಿದರು, ಆ ಉಗುರಿನ ಗುರುತು ಈಗಲೂ ಇದೆ, ಬಂದರೆ ತೋರಿಸುತ್ತೇನೆ. ಹನ್ನೆರಡು.

ಅಲ್ಲಿ, ಎಲ್ಲಿಂದಲೋ, ಮುಂಜಾನೆ ಜೇಡ ಎಳೆದ ಮೊದಲ ಎಳೆಯಂಥದ್ದೊಂದು ಮೂಡಿತು. ಅದರ ಹಿಂದೆ ಇನ್ನೊಂದು. ಓಲಾಡುತ್ತಿದ್ದ ತಿಳಿ, ಯಾರೋ ಕರೆದಂತೆ ತಟ್ಟನೆ ನಿಂತಿತು.

"ಅಯ್ಯೋ, ಇಷ್ಟು ಚೆಂದ ಇರುತ್ತಾ ಇದು!" ಎಂದರು ಸಿಸ್ಟರ್.

"ಹದಿಮೂರು" ಎಂದಳು ಸೆಕೆಂಡಮ್ಮ. ಇನ್ನೊಂದು ನಳಿಗೆ ಹಾಕಿ ಮತ್ತೆ ನೋಡಿದಳು. ಹದಿಮೂರೇ. ಹನ್ನೆರಡಕ್ಕೆ ಏಳು ನಿಮಿಷ ಇರುವಾಗ ಚೀಟಿ ಡಾಕ್ಟರ ಕೈಯಲ್ಲಿತ್ತು. ಅವರು ಎರಡು ಸಲ ಓದಿದರು, ಕೋಟು ಬಿಚ್ಚಿ ಸಿಸ್ಟರ ಕೈಗೆ ಕೊಟ್ಟು, ಕೈ ತೊಳೆಯಲು ಹೋದರು.

ಮೂರು ಗಂಟೆಯ ಸುಮಾರಿಗೆ ಸ್ಟೇಷನ್ ಅಕ್ಕನನ್ನು ತಳ್ಳುಮಂಚದ ಮೇಲೆ ನನ್ನ ಲಿಫ್ಟಿಗೆ ತಂದರು. ಆಪರೇಷನ್ ಕೋಣೆ ಮೊದಲನೇ ಮಹಡಿ, ವಾರ್ಡು ಮೂರನೆಯದು. ಜೊತೆಗೆ ಸಿಸ್ಟರ್, ಪಕ್ಕದಲ್ಲಿ ಗ್ಲೂಕೋಸ್ ಬಾಟಲಿ ಎತ್ತಿ ಹಿಡಿದುಕೊಂಡು ಸೆಕೆಂಡಮ್ಮ. ಅಕ್ಕ ಮಲಗಿದ್ದರು, ನಿಜವಾಗಿ ಮಲಗಿದ್ದರು, ಬೆನ್ನು ಹಾಸಿಗೆಗೆ ತಾಗಿಸಿ. ಎಷ್ಟು ತಿಂಗಳಾಗಿತ್ತೋ. ಕುತ್ತಿಗೆಯ ಸುತ್ತ ಬಿಳಿ ಪಟ್ಟಿ. ಉಸಿರು ಸದ್ದಿಲ್ಲದೆ ಹೋಗಿ ಬರುತ್ತಿತ್ತು. ದನಿ ಮೊದಲಿನಂತೆ ಬರುತ್ತದೋ ಇಲ್ಲವೋ ತಿಂಗಳು ಕಳೆದ ಮೇಲೆ ಗೊತ್ತಾಗುತ್ತದೆ, ಉಸಿರಿಗೆ ಇನ್ನು ಭಯವಿಲ್ಲ ಎಂದಿದ್ದರಂತೆ ಡಾಕ್ಟರು.

ಸೆಕೆಂಡಮ್ಮ ಆ ಬಿಳಿ ಪಟ್ಟಿಯನ್ನೇ ಬಗ್ಗಿ ನೋಡುತ್ತಿದ್ದಳು. ಎಲ್ಲಿಯೂ ಒಂದು ಕೆಂಪು ಚುಕ್ಕೆ ಇರಲಿಲ್ಲ.

"ಲಿಫ್ಟಣ್ಣ, ನಿಧಾನಕ್ಕೆ. ಮಲಗಿದಾರೆ" ಎಂದಳು.

ನಿಧಾನ ಮಾಡುವ ಗುಂಡಿ ನನ್ನ ಲಿಫ್ಟಿನಲ್ಲಿ ಇರಲಿಲ್ಲ. ಆದರೂ ಆ ದಿನ ಮೊದಲನೇ ಮಹಡಿಯಿಂದ ಮೂರನೆಯದಕ್ಕೆ ಹೋಗಲು ನಮಗೆ ಅರ್ಧ ಗಂಟೆ ಹಿಡಿಯಿತು. ನಂಬುವವರು ನಂಬಿ. ಎರಡು ಮಹಡಿಗಳ ನಡುವೆ ಎಲ್ಲೋ ಬೆಳಕೂ ಅಲ್ಲದ ಕತ್ತಲೂ ಅಲ್ಲದ ಕಡೆ ತೇಲುತ್ತಿದ್ದೆವು. ಹೊರಗೆ ಯಾರೂ ಗಂಟೆ ಒತ್ತಲಿಲ್ಲ. ಸಿಸ್ಟರ್ ನಿಂತಲ್ಲೇ ಸೆಕೆಂಡಮ್ಮನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಸೆಕೆಂಡಮ್ಮ ಬಾಟಲಿ ಎತ್ತಿ ಹಿಡಿದ ಕೈಯನ್ನು ಇಳಿಸದೆ, ಆ ಹೊತ್ತಿಗಷ್ಟೇ ಏನನ್ನೂ ಎಣಿಸದೆ, ಮಲಗಿದವರ ಮುಖ ನೋಡುತ್ತಿದ್ದಳು.